ಆಗ್ನೆಸ್ ಮೂರ್‌ಹೆಡ್

ಆಗ್ನೆಸ್ ಮೂರ್‌ಹೆಡ್ (ಡಿಸೆಂಬರ್ 6, 1900 – ಏಪ್ರಿಲ್ 30, 1974) ಅಮೆರಿಕದ ರಂಗಭೂಮಿ, ಬಾನುಲಿ, ಚಲನಚಿತ್ರ ಹಾಗೂ ದೂರದರ್ಶನದ ಅಭಿನೇತ್ರಿ. ಮ್ಯಾಸಚೂಸೆಟ್ಸ್ ರಾಜ್ಯದ ಕ್ಲಿಂಟನ್‌ನಲ್ಲಿ ಪಾದ್ರಿಯೊಬ್ಬರ ಮಗಳಾಗಿ ಜನಿಸಿದ ಇವರು ಕೆಲಕಾಲ ಶಾಲಾ ಶಿಕ್ಷಕಿಯಾಗಿದ್ದು, ಅನಂತರ ನ್ಯೂಯಾರ್ಕಿನಲ್ಲಿ ಅಭಿನಯ ಕಲಿತರು.

ಆರ್ಸನ್ ವೆಲ್ಸ್ ಅವರ ಮರ್ಕ್ಯುರಿ ಥಿಯೇಟರ್ ತಂಡದ ಸದಸ್ಯೆಯಾಗಿದ್ದ ಇವರು 'ಸಿಟಿಜನ್ ಕೇನ್' (1941) ಚಿತ್ರದಲ್ಲಿ ಕಥಾನಾಯಕನ ತಾಯಿಯಾಗಿ ಚಿತ್ರರಂಗ ಪ್ರವೇಶಿಸಿದರು. ಆಗ ವಯಸ್ಸು ನಲವತ್ತು. ನಾಯಕಿಯ ಪಾತ್ರಗಳ ಕಾಲ ಮೀರಿತ್ತು. ಮರುವರ್ಷ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'ನಲ್ಲಿ ಅವಿವಾಹಿತೆ ಸೋದರತ್ತೆ ಫ್ಯಾನಿಯ ಪಾತ್ರಕ್ಕಾಗಿ ನ್ಯೂಯಾರ್ಕ್ ಚಿತ್ರವಿಮರ್ಶಕರ ಪ್ರಶಸ್ತಿ ಪಡೆದರು. ಆಸ್ಕರ್‌ಗೆ ನಾಲ್ಕು ಬಾರಿ, ನಾಲ್ಕೂ ಬಾರಿ ಪೋಷಕ ನಟಿಯಾಗಿಯೇ, ನಾಮನಿರ್ದೇಶನಗೊಂಡರೂ ಪ್ರಶಸ್ತಿ ಒಲಿಯಲಿಲ್ಲ.

1943ರಲ್ಲಿ 'ಸಾರಿ, ರಾಂಗ್ ನಂಬರ್' ಎಂಬ ಬಾನುಲಿ ನಾಟಕದಲ್ಲಿ, ತನ್ನ ಕೊಲೆಯ ಸಂಚನ್ನು ದೂರವಾಣಿಯಲ್ಲಿ ಕೇಳಿಸಿಕೊಳ್ಳುವ ರೋಗಿಷ್ಠ ಗೃಹಿಣಿಯ ಭೀತಿಯನ್ನು ಇವರು ಕೇವಲ ಧ್ವನಿಯಿಂದ ಮೂಡಿಸಿದರು. ಶ್ರೋತೃಗಳ ಮೆಚ್ಚುಗೆಯಿಂದ ಅದು ಹಲವು ಬಾರಿ ಮರುಪ್ರಸಾರಗೊಂಡಿತು. ಆದರೆ 1948ರಲ್ಲಿ ಅದು ಚಲನಚಿತ್ರವಾದಾಗ ಆ ಪಾತ್ರ ದೊರೆತದ್ದು ತಾರೆ ಬಾರ್ಬರಾ ಸ್ಟಾನ್‌ವಿಕ್ ಅವರಿಗೆ. 1961ರಲ್ಲಿ 'ದಿ ಟ್ವಿಲೈಟ್ ಜೋನ್' ದೂರದರ್ಶನ ಸರಣಿಯ 'ದಿ ಇನ್ವೇಡರ್ಸ್' ಕಂತಿನಲ್ಲಿ ಒಂದು ಮಾತನ್ನೂ ಆಡದೆ ಒಂಟಿ ರೈತಮಹಿಳೆಯಾಗಿ ನಟಿಸಿದ್ದನ್ನು ಇದರೊಡನೆ ಇಟ್ಟು ನೋಡಿದರೆ ಇವರ ಸಾಮರ್ಥ್ಯದ ವ್ಯಾಪ್ತಿ ಸ್ಪಷ್ಟವಾಗುತ್ತದೆ.

ಜನಸಾಮಾನ್ಯರು ಇವರನ್ನು ಗುರುತಿಸುವುದು ಮಾತ್ರ 'ಬಿವಿಚ್ಡ್' (1964–72) ಹಾಸ್ಯ ಧಾರಾವಾಹಿಯ ಮಾಟಗಾತಿ ಎಂಡೋರಾ ಆಗಿ. ಸೋಜಿಗವೆಂದರೆ, 1967ರಲ್ಲಿ ಎಮ್ಮಿ ಪ್ರಶಸ್ತಿ ಬಂದದ್ದು 'ದಿ ವೈಲ್ಡ್ ವೈಲ್ಡ್ ವೆಸ್ಟ್' ಸರಣಿಯ ಒಂದೇ ಕಂತಿನ ಅಭಿನಯಕ್ಕೆ.

ಇವರು ಮಿನೆಸೋಟದ ರೋಚೆಸ್ಟರ್‌ನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು.