ಟೂಲ್ ಮೇಕರ್ ಡಾಕ್ಟರ್: ಕುರ್ಟ್ ಸೆಮ್

ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಬ್ಬಳ ಚಿಕ್ಕಮ್ಮ ಖಾನಾಪುರದಲ್ಲಿದ್ದಾರೆ. ಮುಟ್ಟು ಬಂತು ಅಂದ್ರೆ ಎಂಟು ದಿನ ವಿಪರೀತ ರಕ್ತಸ್ರಾವ, ಎದ್ದು ನಿಲ್ಲೋಕೂ ಆಗದ ನೋವು. ಬೆಳಗಾವಿಗೆ ಬಂದು ಸ್ಕ್ಯಾನ್ ಮಾಡಿಸಿದಾಗ ಅಡಿನೋಮಯೋಸಿಸ್ ಅಂತ ಗೊತ್ತಾಯ್ತು. ಗರ್ಭಕೋಶದ ಒಳಪದರ ಅದರ ಸ್ನಾಯುವಿನ ಗೋಡೆಯೊಳಗೇ ಬೆಳೆಯುವ ಕಾಯಿಲೆ ಇದು. ಊರಲ್ಲಿ ಎಲ್ಲರ ಸಲಹೆ ಒಂದೇ, ಗರ್ಭಚೀಲ ತೆಗೆಸಿಬಿಡು ಅಂತ. ಆದ್ರೆ ಅವರಿಗೆ ಇನ್ನೂ ಮಕ್ಕಳಿಲ್ಲ. ಉಳಿಸೋ ದಾರಿ ಇದೆಯಾ ಅಂತ ನಾವು ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಕುರ್ಟ್ ಸೆಮ್.

ಸೆಮ್ ಹುಟ್ಟಿದ್ದು 1927ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಮೆಡಿಕಲ್ ಓದುವ ಮೊದಲು ಕಲಿತದ್ದು ಟೂಲ್ ಮೇಕರ್ ಕೆಲಸ. ನಮ್ಮ ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ನಡೆಯುತ್ತಲ್ಲ, ಅಂಥದ್ದೇ. ಮನೆಯವರದ್ದು ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿ. ಹಾಗಾಗಿ ಸ್ತ್ರೀರೋಗ ತಜ್ಞರಾದ ಮೇಲೂ ತಮಗೆ ಬೇಕಾದ ಉಪಕರಣವನ್ನ ತಾವೇ ಡಿಸೈನ್ ಮಾಡ್ತಿದ್ದರು.

ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯನ್ನ ಉದ್ದಕ್ಕೆ ಕೊಯ್ಯೋದಿಲ್ಲ. ಸಣ್ಣ ತೂತುಗಳಿಂದ ಉಪಕರಣ ಒಳಗೆ ಬಿಡ್ತಾರೆ. ಒಳಗೆ ಜಾಗ ಆಗೋಕೆ ಕಾರ್ಬನ್ ಡೈಆಕ್ಸೈಡ್ ತುಂಬಿಸಬೇಕು. ಒತ್ತಡ ಜಾಸ್ತಿಯಾದ್ರೆ ಹೃದಯಕ್ಕೂ ಉಸಿರಾಟಕ್ಕೂ ತೊಂದರೆ, ಕಡಿಮೆಯಾದ್ರೆ ಏನೂ ಕಾಣಲ್ಲ. 1960ರ ದಶಕದಲ್ಲಿ ಸೆಮ್ ಒತ್ತಡವನ್ನ ಅಳೆದು ಗ್ಯಾಸನ್ನ ತಾನೇ ನಿಯಂತ್ರಿಸುವ ಯಂತ್ರ ಮಾಡಿದರು. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಾವು ನಿದ್ದೆ ಮಾಡೋ ಫೀಡ್‌ಬ್ಯಾಕ್ ಲೂಪ್ ಅದೇ!

1970ರಲ್ಲಿ ಅವರು ಕೀಲ್ ವಿಶ್ವವಿದ್ಯಾಲಯಕ್ಕೆ ಮುಖ್ಯಸ್ಥರಾಗಿ ಹೋದರು. ತೂತಿನಿಂದ ಆಪರೇಷನ್ ಮಾಡ್ತೀನಿ ಅಂದಾಗ ಅಲ್ಲಿನ ಸಹೋದ್ಯೋಗಿಗಳು ಅವರ ಮೆದುಳನ್ನೇ ಸ್ಕ್ಯಾನ್ ಮಾಡಿಸಬೇಕು ಅಂದರಂತೆ. ಸೆಮ್ ಅದನ್ನೂ ಮಾಡಿಸಿಕೊಂಡರು. 1980ರಲ್ಲಿ ಲ್ಯಾಪರೋಸ್ಕೋಪಿಯಿಂದಲೇ ಪೂರ್ತಿಯಾಗಿ ಅಪೆಂಡಿಕ್ಸ್ ತೆಗೆದಾಗ ಗಲಾಟೆ ಇನ್ನೂ ಜೋರಾಯ್ತು. ಅವರನ್ನ ವೃತ್ತಿಯಿಂದಲೇ ಅಮಾನತು ಮಾಡಿ ಅಂತ ಜರ್ಮನಿಯ ಸರ್ಜನ್‌ಗಳ ಸಂಘದ ಅಧ್ಯಕ್ಷರು ಪತ್ರ ಬರೆದರು. ಒಂದು ಉಪನ್ಯಾಸದ ಮಧ್ಯೆ ಪ್ರೊಜೆಕ್ಟರ್ ಪ್ಲಗ್ಗನ್ನೇ ಕಿತ್ತರು.

ಸೆಮ್ ಜಗಳಕ್ಕೆ ಸಮಯ ಹಾಳುಮಾಡದೆ ಇನ್ನಷ್ಟು ಉಪಕರಣ ಮಾಡಿದರು. ರಕ್ತ ನಿಲ್ಲಿಸೋಕೆ ದಾರದ ಕುಣಿಕೆ, ಒಳಗೇ ಗಂಟು ಹಾಕುವ ವಿಧಾನ, ಹೊಸ ಡಾಕ್ಟರ್‌ಗಳು ಪ್ರಾಕ್ಟೀಸ್ ಮಾಡೋಕೆ ಒಂದು ಪೆಟ್ಟಿಗೆ. ಗರ್ಭಕೋಶ ಉಳಿಸಿಕೊಂಡು ಫೈಬ್ರಾಯ್ಡ್ ಗಡ್ಡೆಯನ್ನಷ್ಟೇ ತೆಗೆಯೋದನ್ನೂ ಇದೇ ದಾರಿಯಲ್ಲಿ ಮಾಡಿ ತೋರಿಸಿದರು. 2003ರಲ್ಲಿ, ನಾವ್ಯಾರೂ ಹುಟ್ಟೋ ಮೊದಲೇ, ಅಮೆರಿಕದಲ್ಲಿ ತೀರಿಕೊಂಡರು.

ಅಡಿನೋಮಯೋಸಿಸ್ ಫೈಬ್ರಾಯ್ಡ್‌ಗಿಂತ ಕಷ್ಟ. ಗಡ್ಡೆಗೆ ಒಂದು ಅಂಚಿರುತ್ತೆ, ಇದು ಗೋಡೆಯಲ್ಲೇ ಬೆರೆತಿರುತ್ತೆ. ಆದರೂ ಕೆಲವರಿಗೆ ಆ ಭಾಗವನ್ನಷ್ಟೇ ಲ್ಯಾಪರೋಸ್ಕೋಪಿಯಲ್ಲಿ ತೆಗೆದು ಗೋಡೆಯನ್ನ ಮತ್ತೆ ಹೊಲಿಯಬಹುದು. ಹಾರ್ಮೋನ್ ಚಿಕಿತ್ಸೆ, ರಕ್ತನಾಳ ಮುಚ್ಚುವುದು, ಅಲ್ಟ್ರಾಸೌಂಡ್ ಶಾಖದಿಂದ ಸುಡುವುದು, ಇವೂ ಇವೆ. ಎಲ್ಲವೂ ಎಲ್ಲರಿಗೂ ಹೊಂದಲ್ಲ, ಮಕ್ಕಳು ಬೇಕು ಅನ್ನೋರು ಇನ್ನೂ ವಿಚಾರಿಸಿ ನಿರ್ಧರಿಸಬೇಕು. ಕಾಯಿಲೆ ಮತ್ತೆ ಬರಬಹುದು. ಕೆಲವರಿಗೆ ಗರ್ಭಕೋಶ ತೆಗೆಸೋದೇ ಸರಿ. ಆದ್ರೆ ಕೇಳದೆ ಒಪ್ಪಿಕೊಳ್ಳೋದು ಬೇಡ.

ಮುಂದಿನ ಸೋಮವಾರ ಚಿಕ್ಕಮ್ಮ ಖಾನಾಪುರ ಬಸ್ಸಿಗೆ ಬರ್ತಾರೆ, ಇನ್ನೊಬ್ಬ ಡಾಕ್ಟರನ್ನ ನೋಡೋಕೆ. ಕೇಳಬೇಕಾದ ಪ್ರಶ್ನೆಗಳನ್ನ ನಾವು ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇವೆ.