ಗಣಿಯ ಉರಿಗೆ ಜಾಲರಿ ತೊಡಿಸಿದ ಹಂಫ್ರಿ ಡೇವಿ: ದೀಪ ಬಂದರೂ ಸಾವು ನಿಲ್ಲಲಿಲ್ಲ ಏಕೆ?

ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಫೆಲ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ 1812ರ ಮೇ 25ರಂದು ಭಾರಿ ಸ್ಫೋಟ ಆಯ್ತು. 92 ಮಂದಿ ಸತ್ತರು. ಅವರಲ್ಲಿ ಚಿಕ್ಕ ಹುಡುಗರೂ ಇದ್ದರು.

ಕಲ್ಲಿದ್ದಲಿನಿಂದ ಸೋರುವ ಮೀಥೇನ್ ಅನಿಲ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಸೇರಿದರೆ ಸಾಕು, ಸಣ್ಣ ಉರಿ ತಾಗಿದರೂ ಸಿಡಿಯುತ್ತೆ. ಆಗಿನ ಕೆಲಸಗಾರರ ಕೈಯಲ್ಲಿ ಇರುತ್ತಿದ್ದದ್ದು ಮೇಣದಬತ್ತಿ, ಎಣ್ಣೆದೀಪ. ಸಾವು ತಡೆಯುವ ದಾರಿ ಹುಡುಕಲು ಸುತ್ತಲಿನ ಜನ ಸಂಘ ಕಟ್ಟಿದರು. ಅವರು 1815ರಲ್ಲಿ ಕೇಳಿಕೊಂಡಿದ್ದು ಹಂಫ್ರಿ ಡೇವಿ ಅವರನ್ನು.

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಕಾರ್ನ್‌ವಾಲ್‌ನ ಪೆನ್ಜಾನ್ಸ್ ಪಟ್ಟಣದಲ್ಲಿ. ತಂದೆ ಮರದ ಕೆತ್ತನೆ ಕೆಲಸದವರು, 1794ರಲ್ಲಿ ತೀರಿಕೊಂಡರು. ಮರುವರ್ಷ ಡೇವಿ ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಆದರೂ 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿ, 1807ರಲ್ಲಿ ವಿದ್ಯುತ್ ಹರಿಸಿ ಪೊಟ್ಯಾಶಿಯಂ, ಸೋಡಿಯಂ ಬೇರ್ಪಡಿಸಿ ದೊಡ್ಡ ಹೆಸರು ಮಾಡಿದರು.

1815ರ ಆಗಸ್ಟ್‌ನಲ್ಲಿ ಗಣಿ ಸೀಮೆ ನೋಡಿಬಂದ ಡೇವಿ, ಅಲ್ಲಿನ ಅನಿಲವನ್ನೇ ಲಂಡನ್ನಿಗೆ ತರಿಸಿ ಪರೀಕ್ಷೆ ಮಾಡಿದರು. ಉರಿ ಸಣ್ಣ ಲೋಹದ ಕೊಳವೆಯಲ್ಲಿ ದಾಟೋದಿಲ್ಲ, ಲೋಹ ಶಾಖ ಎಳೆದುಕೊಳ್ಳುತ್ತೆ ಅನ್ನೋದು ಗೊತ್ತಾಯ್ತು. ಹಾಗಾಗಿ ದೀಪದ ಸುತ್ತ ತಂತಿ ಜಾಲರಿ ತೊಡಿಸಿದರು. ಅಂಗುಲಕ್ಕೆ 28 ತಂತಿ, ಅಂದರೆ ಚದರ ಅಂಗುಲಕ್ಕೆ 784 ಕಿಂಡಿ. ಅನಿಲ ಒಳಗೆ ಉರಿದರೂ ಹೊರಗೆ ಹಬ್ಬೋದಿಲ್ಲ. ಅನಿಲ ಇದ್ದರೆ ಜ್ವಾಲೆಯ ಮೇಲೆ ನೀಲಿ ಬಣ್ಣ ಕಾಣುತ್ತೆ, ಆಮ್ಲಜನಕ ತೀರಾ ಕಡಿಮೆಯಾದರೆ ದೀಪ ಆರುತ್ತೆ. 1816ರ ಜನವರಿಯಲ್ಲಿ ಹೆಬರ್ನ್ ಗಣಿಯಲ್ಲಿ ಇದರ ಪರೀಕ್ಷೆ ನಡೆಯಿತು.

ಡೇವಿ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಆದರೆ ಹೆಸರಿನ ವಿಷಯದಲ್ಲಿ ಮಾತ್ರ ಬಿಗಿ. ಮುಂದೆ ರೈಲು ಎಂಜಿನ್‌ಗೆ ಹೆಸರಾದ ಜಾರ್ಜ್ ಸ್ಟೀಫನ್‌ಸನ್ ಅದೇ ಹೊತ್ತಿಗೆ ಕಿಲ್ಲಿಂಗ್‌ವರ್ತ್ ಗಣಿಯಲ್ಲಿ ತಾವೇ ಒಂದು ಸುರಕ್ಷಾ ದೀಪ ಮಾಡಿದ್ದರು. ಅದು ಸ್ವಂತ ಬುದ್ಧಿಯದ್ದು ಅಂತ ಡೇವಿ ಕೊನೆವರೆಗೂ ಒಪ್ಪಲಿಲ್ಲ.

ಇಷ್ಟಾದರೂ ಸಾವು ನಿಂತಿತಾ? ಇಲ್ಲ. ಡರ್ಹಮ್ ಮತ್ತು ನಾರ್ಥಂಬರ್ಲೆಂಡ್ ಗಣಿಗಳಲ್ಲಿ ದೀಪ ಬರುವ ಮುಂಚಿನ 18 ವರ್ಷದಲ್ಲಿ 447 ಮಂದಿ ಸತ್ತಿದ್ದರೆ, ಬಂದ ಮೇಲಿನ 18 ವರ್ಷದಲ್ಲಿ 538 ಮಂದಿ ಸತ್ತರು ಎಂದು 1835ರ ಸಂಸತ್ ಸಮಿತಿ ಲೆಕ್ಕ ಕೊಟ್ಟಿತು. ದೀಪ ಇದೆಯಲ್ಲ ಎಂಬ ಧೈರ್ಯದಲ್ಲಿ, ಅನಿಲ ಜಾಸ್ತಿ ಎಂದು ಕೈಬಿಟ್ಟಿದ್ದ ಜಾಗಕ್ಕೂ ಮಾಲೀಕರು ಆಳುಗಳನ್ನು ಇಳಿಸಿದರು. ಗಾಳಿ ಆಡಿಸುವ ವ್ಯವಸ್ಥೆಗೆ ಖರ್ಚು ಮಾಡೋದು ತಪ್ಪಿತು. ಜಾಲರಿಯಿಂದ ಬೆಳಕು ಮಂಕು, ಹಾಗಾಗಿ ಕೆಲವರು ಅದನ್ನು ಬಿಚ್ಚುತ್ತಿದ್ದರು. ತುಕ್ಕು ಹಿಡಿದ, ತೂತು ಬಿದ್ದ ಜಾಲರಿಯಿಂದ ಉರಿ ಹೊರಗೆ ನುಗ್ಗುತ್ತಿತ್ತು. ಜೋರು ಗಾಳಿ ಬೀಸಿದರೆ ಒಳ್ಳೆ ಜಾಲರಿಯನ್ನೂ ದಾಟುತ್ತಿತ್ತು.

ಈ ಲೆಕ್ಕ ನೋಡಲು ಡೇವಿ ಇರಲಿಲ್ಲ. 1829ರ ಮೇ 29ರಂದು ಜಿನೀವಾದಲ್ಲಿ, 50ನೇ ವಯಸ್ಸಿಗೆ ತೀರಿಕೊಂಡಿದ್ದರು.

ಇವತ್ತು ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕಿನಿಂದ ಮೇಲೆ ಬರುವ ಗಾಳಿ ಕೊಳವೆಯ ಬಾಯಿಗೆ ಕಟ್ಟುವ ತಂತಿ ಬಲೆಯೂ ಡೇವಿ ಕಂಡುಕೊಂಡ ತತ್ವದ್ದೇ. ಹರಿದ ಬಲೆ ಅಲ್ಲೂ ಕೆಲಸಕ್ಕೆ ಬರೋದಿಲ್ಲ.