ಏರುದಾರಿಯ ವೆಲೊಸಿಯೊ

ಫ್ರಾನ್ಸ್ ದೇಶದ ಪಾಲ್ ದ ವಿವಿ ಎಂಬ ಮಹಾಶಯನನ್ನು ಅಲ್ಲಿಯ ಸೈಕಲ್ ಸವಾರರು ವೆಲೊಸಿಯೊ ಎಂಬ ಲೇಖನನಾಮದಿಂದಲೇ ಬಲ್ಲರು. ಸೈಕಲ್ಲಿನ ಚರಿತ್ರೆಯಲ್ಲಿ ಪಂದ್ಯ ಗೆದ್ದ ವೀರರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಮನಸ್ಸನ್ನು ಸೆಳೆದವನು ಮಾತ್ರ ಈತ.

1853ರಲ್ಲಿ ಪೆರ್ನ್ ಎಂಬ ಊರಿನಲ್ಲಿ ಹುಟ್ಟಿದ ಈತ ಮೊದಲು ರೇಷ್ಮೆಯ ವ್ಯಾಪಾರಿ. ಮೂವತ್ತರ ಆಸುಪಾಸಿನಲ್ಲಿ ಹಿಡಿದ ಸೈಕಲ್ಲಿನ ಹುಚ್ಚು ಅವನನ್ನು ಬಿಡಲೇ ಇಲ್ಲ. ರೇಷ್ಮೆಯನ್ನು ಕೈಬಿಟ್ಟು, ಸೇಂತ್ ಎತಿಯೆನ್ ನಗರದಲ್ಲಿ ಸೈಕಲ್ ವ್ಯಾಪಾರಕ್ಕಿಳಿದ. 1887ರಲ್ಲಿ ಸವಾರರಿಗಾಗಿ ಪತ್ರಿಕೆಯೊಂದನ್ನೂ ಹೊರಡಿಸಿದ.

ಆ ನಗರದ ದಕ್ಷಿಣಕ್ಕೆ 1161 ಮೀಟರ್ ಎತ್ತರದ ಘಟ್ಟವೊಂದಿದೆ. ಹೆಸರು ಕೊಲ್ ದ ಲಾ ರೆಪ್ಯುಬ್ಲಿಕ್. ಒಮ್ಮೆ ಅದನ್ನು ಏದುಸಿರು ಬಿಡುತ್ತ ಹತ್ತುತ್ತಿದ್ದಾಗ, ಅವನ ಪತ್ರಿಕೆಯ ಓದುಗನೇ ಒಬ್ಬ ಪೈಪು ಸೇದುತ್ತ ಆರಾಮವಾಗಿ ಮುಂದೆ ಹೋದನಂತೆ. ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಅದರೊಳಗಿನ ಪ್ರಶ್ನೆ ಮಾತ್ರ ನಿಜವಾದದ್ದು. ಸಮನೆಲಕ್ಕೆ ಹೊಂದುವ ಗೇರು ಘಟ್ಟಕ್ಕೆ ಹೊಂದುವುದಿಲ್ಲ, ಘಟ್ಟದ ಗೇರು ಸಮನೆಲದಲ್ಲಿ ಕಾಲನ್ನು ಸುಮ್ಮನೆ ತಿರುಗಿಸುತ್ತದೆ. ಹಾಗಾದರೆ ಸವಾರ ಮಾಡುವುದೇನು?

ಲೆಕ್ಕ ಸುಲಭ. ಪೆಡಲಿನ ಕಡೆ 48 ಹಲ್ಲು, ಹಿಂದೆ 16 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂಚಕ್ರ ಮೂರು ಸುತ್ತು ಬರುತ್ತದೆ. ಚಕ್ರದ ಸುತ್ತಳತೆ 2.1 ಮೀಟರ್ ಎಂದಿಟ್ಟುಕೊಂಡರೆ, ಬಂಡಿ 6.3 ಮೀಟರ್ ಸಾಗಿತು. ಮುಂದೆ 30, ಹಿಂದೆ 24 ಆದರೆ ಸುಮಾರು 2.6 ಮೀಟರ್ ಮಾತ್ರ. ದೂರ ಕಡಮೆಯಾದಷ್ಟು ತುಳಿಯುವ ಭಾರವೂ ಇಳಿಯುತ್ತದೆ. ಬೆಟ್ಟದ ಎತ್ತರವೇನೂ ತಗ್ಗುವುದಿಲ್ಲ, ಆದರೆ ಮೊಣಕಾಲು ಉಳಿಯುತ್ತದೆ. ವೆಲೊಸಿಯೊ ಪೆಡಲಿನ ಬಳಿ ಎರಡು ಹಲ್ಲಿನ ಚಕ್ರಗಳನ್ನು ಜೋಡಿಸಿದ. ಬಂಡಿಯಿಂದ ಇಳಿದು, ಚೈನನ್ನು ಕೈಯಿಂದಲೇ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು; ಕೈಯೆಲ್ಲ ಮಸಿ! ಆಮೇಲೆ, ತುಳಿಯುತ್ತಿರುವಾಗಲೇ ಚೈನನ್ನು ಸರಿಸುವ ಡಿರೇಲಿಯರಿಗಾಗಿ ವರ್ಷಗಟ್ಟಲೆ ಪ್ರಯೋಗ ನಡೆಸಿದ, ವಾದಿಸಿ ಬರೆದ.

ವಿರೋಧಿಗಳು ಸಾಮಾನ್ಯರಲ್ಲ. 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್, ಬದಲಾಗುವ ಗೇರು 45 ದಾಟಿದವರಿಗೆ ಮಾತ್ರ ತಕ್ಕದ್ದು, ತರುಣರು ತೋಳ್ಬಲ ಕಾಲ್ಬಲಗಳಿಂದಲೇ ಗೆಲ್ಲತಕ್ಕದ್ದು ಎಂಬ ಪಕ್ಷದವನು. ನನಗೇನೋ ಇದು ಪೌರುಷದ ಮಾತಾಗಿ ಕಂಡೀತೇ ಹೊರತು ವಿಚಾರದ ಮಾತಾಗಿ ಕಾಣದು. ಆಲ್ಪ್ಸ್ ಪರ್ವತವನ್ನು ಹತ್ತುವ ಪಂದ್ಯಾಳುಗಳು, ದಾರಿಯಲ್ಲಿ ಇಳಿದು, ಹಿಂಚಕ್ರವನ್ನು ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುವ ಕಾಲವದು. ಆ ಚಕ್ರದ ಎರಡು ಮಗ್ಗುಲಲ್ಲೂ ಬೇರೆಬೇರೆ ಹಲ್ಲುಗಳಿರುತ್ತಿದ್ದವು.

ಸಸ್ಯಾಹಾರಿ, ಎಸ್ಪೆರಾಂತೊ ಭಾಷೆಯ ಅಭಿಮಾನಿ, ಮುಪ್ಪಿನಲ್ಲೂ ದೂರಪ್ರಯಾಣ ಬಿಡದವನು ವೆಲೊಸಿಯೊ. 1930ರ ಫೆಬ್ರವರಿಯಲ್ಲಿ ಸೇಂತ್ ಎತಿಯೆನ್ನಿನ ಬೀದಿಯಲ್ಲಿ ಟ್ರಾಮ್ ಬಡಿದು ತೀರಿಕೊಂಡ. ಟೂರ್ ದ ಫ್ರಾನ್ಸ್ ಡಿರೇಲಿಯರಿಗೆ ಒಪ್ಪಿಗೆ ಕೊಟ್ಟದ್ದು 1937ರಲ್ಲಿ, ದೆಗ್ರಾಂಜ್ ಅಧಿಕಾರದಿಂದ ಸರಿದ ಮರುವರ್ಷ. ವೆಲೊಸಿಯೊವಿನ ಸ್ಮಾರಕಶಿಲೆ ಆ ಘಟ್ಟದ ನೆತ್ತಿಯಲ್ಲೇ ಇದೆ.